ಮಂಡಕ್ಕಿ ಅಕ್ಷರ, 46 ಹೆಸರು: ದಾವಣಗೆರೆಯ ಒಂದು ಚಿತ್ರದ ಅನಿಮೇಶನ್ ಟೈಟಲ್

ಮಂಡಕ್ಕಿ ಭಟ್ಟಿ ನಡೆಸುವ ಒಂದು ಮನೆತನದ ಕಥೆ, ಎರಡು ಗಂಟೆಯ ಕನ್ನಡ ಚಿತ್ರ. ಚಿತ್ರೀಕರಣ, ಡಬ್ಬಿಂಗ್ ಮುಗಿದಿದ್ದವು. ಆರಂಭದ ಟೈಟಲ್‌ಗೆ ಮಾತ್ರ ಅನಿಮೇಶನ್ ಬೇಕೆಂದು ನಿರ್ದೇಶಕರು ಹಟ ಹಿಡಿದಿದ್ದರು. ಸಂಗೀತ ನಿರ್ದೇಶಕರಿಂದ 92 ಸೆಕೆಂಡಿನ ಟ್ರ್ಯಾಕ್ ಬಂದಾಗಿತ್ತು. ಸೆನ್ಸಾರ್‌ಗೆ ಕಳಿಸಲು 21 ದಿನ ಉಳಿದಿತ್ತು. ಕೆಲಸ ಹಿಡಿದದ್ದು ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ಮೂವರ ತಂಡ: ಚಿತ್ರ ಬರೆಯುವವರು ಒಬ್ಬರು, ಅನಿಮೇಶನ್ ಮತ್ತು ಕಂಪೋಸಿಟಿಂಗ್ (ಚಿತ್ರದ ಪದರಗಳನ್ನು ಸೇರಿಸುವ ಕೆಲಸ) ನೋಡುವವರು ಒಬ್ಬರು, ಕ್ಯಾಮೆರಾದವರು ಒಬ್ಬರು. ಆಷಾಢದ ಜಿಟಿಜಿಟಿ ಮಳೆ. ಈ ಮಳೆಯ ಮಾತು ಮುಂದೆ ಮತ್ತೆ ಬರುತ್ತದೆ.

ಚಿತ್ರದ ಹೆಸರು, ತಂಡದವರ ಹೆಸರು ಇಲ್ಲಿ ಬೇಡ. ಹೆಸರಿನ ತಾಪತ್ರಯವೇ ಈ ಪ್ರಕರಣದ ವಸ್ತು, ಹಾಗಾಗಿ ಅಷ್ಟು ಮರ್ಯಾದೆ ಸಾಕು.

ಕೇಳಿದ್ದು ಏನು, ಕೊಟ್ಟದ್ದು ಏನು

ಇಂಥ ಕೆಲಸಕ್ಕೆ ಕೂತಾಗ ಕನ್ನಡದ ನಿರ್ದೇಶಕರ ಬಾಯಲ್ಲಿ ಮೊದಲು ಬರುವುದು 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ದೂರದರ್ಶನಕ್ಕೆ ಮಾಡಿದ ಆ ಧಾರಾವಾಹಿಯ ಆರಂಭದಲ್ಲಿ ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳಿದ್ದವು. ಈ ನಿರ್ದೇಶಕರೂ ಅದನ್ನೇ ಹೇಳಿದರು. ಅವರು ಮೆಚ್ಚಿಕೊಂಡದ್ದು ಗೆರೆಯ ಸರಳತೆಯನ್ನು. ಆದರೆ ಕೈಗೆ ಕೊಟ್ಟ ಪಟ್ಟಿ ನೋಡಿದರೆ ಅದರಲ್ಲಿ ಸರಳ ಎನ್ನುವಂಥದ್ದು ಏನೂ ಇರಲಿಲ್ಲ. ಭತ್ತ ನೆನೆಸುವುದರಿಂದ ಹಿಡಿದು ಬೇಯಿಸುವುದು, ಒಣಗಿಸುವುದು, ಮಿಲ್ಲಿಗೆ ಹಾಕಿ ಹೊಟ್ಟು ತೆಗೆಯುವುದು, ಉಪ್ಪುನೀರು ಹಚ್ಚುವುದು, ಕಾದ ಮರಳಲ್ಲಿ ಹುರಿಯುವುದು, ಜರಡಿ ಹಿಡಿಯುವುದು, ಚೀಲ ಕಟ್ಟುವುದು, ಲಾರಿಗೆ ಏರಿಸುವುದು, ಕೊನೆಗೆ ಮಿರ್ಚಿ ಅಂಗಡಿಯ ಕಾಗದದ ಪೊಟ್ಟಣದವರೆಗೆ ಎಲ್ಲವೂ ಇರಬೇಕು. ಜತೆಗೆ 41 ಕಾರ್ಡ್.

ಕಾರ್ಡ್ ಎಂದರೆ ಒಮ್ಮೆಗೆ ಪರದೆಯ ಮೇಲೆ ನಿಲ್ಲುವ ಹೆಸರು ಅಥವಾ ಹೆಸರುಗಳ ಗುಂಪು. 41ರಲ್ಲಿ ಒಂದು ಚಿತ್ರದ ಹೆಸರಿಗೆ, ಒಂದು ನಿರ್ದೇಶಕರಿಗೆ. 7 ಕೃತಜ್ಞತೆಯವು. ಭಟ್ಟಿ ಬಿಟ್ಟುಕೊಟ್ಟವರು, ಊಟ ಹಾಕಿದವರು, ಲಾರಿ ಕೊಟ್ಟವರು, ಮಂಡಿಪೇಟೆಯ ವರ್ತಕರು ಸೇರಿ ಅದರಲ್ಲೇ 68 ಹೆಸರು. ಉಳಿದ 32 ಕಾರ್ಡಿನಲ್ಲಿ ಕಲಾವಿದರು, ತಂತ್ರಜ್ಞರು ಸೇರಿ 46 ಹೆಸರು.

ಚಿತ್ರ ಬರೆಯುವ ಮೊದಲು ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಟ್ರ್ಯಾಕಿನ ಗತಿ ನಿಮಿಷಕ್ಕೆ 96 ಬೀಟ್. ನಾಲ್ಕು ಬೀಟಿಗೆ ಒಂದು ಬಾರ್, ಅಂದರೆ 2.5 ಸೆಕೆಂಡ್. 36 ಬಾರ್‌ಗೆ 90 ಸೆಕೆಂಡ್, ಕೊನೆಯಲ್ಲಿ ತಮಟೆಯ ನಾದ ಆರಲು 2 ಸೆಕೆಂಡ್. ಹೆಸರೇ ಇಲ್ಲದ ಆರಂಭಕ್ಕೆ 2 ಬಾರ್, ಚಿತ್ರದ ಹೆಸರಿಗೆ 2, ನಿರ್ದೇಶಕರಿಗೆ 2 ತೆಗೆದರೆ ಉಳಿಯುವುದು 30 ಬಾರ್, 75 ಸೆಕೆಂಡ್. ಇದರಲ್ಲಿ 39 ಕಾರ್ಡ್ ತುರುಕಿದರೆ ಒಂದಕ್ಕೆ ಎರಡು ಸೆಕೆಂಡೂ ದಕ್ಕುವುದಿಲ್ಲ. ಮೂಡುವುದಕ್ಕೆ, ಮರೆಯಾಗುವುದಕ್ಕೆ ಹೋಗುವ ಫ್ರೇಮ್ (ಸಿನಿಮಾದ ಒಂದೊಂದು ಬಿಡಿ ಚಿತ್ರ) ಕಳೆದರೆ ಒಂದೂವರೆ ಸೆಕೆಂಡ್. ಪಕ್ಕದಲ್ಲಿ ಭಟ್ಟಿಯ ಬೆಂಕಿ ಕುಣಿಯುತ್ತಿರುವಾಗ ಅಷ್ಟರಲ್ಲಿ 'ಸಹ ನಿರ್ದೇಶನ' ಎನ್ನುವುದನ್ನೂ ಅದರ ಕೆಳಗಿನ ಹೆಸರನ್ನೂ ಓದಲು ಆಗುವುದಿಲ್ಲ.

ಅಳತೆಗೋಲು ಸರಳ. ಕಾರ್ಡನ್ನು ಗಟ್ಟಿಯಾಗಿ, ಆತುರವಿಲ್ಲದೆ ಒಮ್ಮೆ ಓದಿ, ಇನ್ನೊಮ್ಮೆ ಅರ್ಧ ಓದುವಷ್ಟು ಹೊತ್ತು ಅದು ನಿಲ್ಲಬೇಕು. ಒಂಟಿ ಹೆಸರಿಗೆ 1 ಬಾರ್, ಎರಡು ಹೆಸರಿಗೆ ಒಂದೂವರೆ, ಐದು ಹೆಸರಿನ ಗುಂಪಿಗೆ 2 ಎಂದು ತೀರ್ಮಾನವಾಯಿತು. 10 ಒಂಟಿ, 8 ಜೋಡಿ, 4 ಗುಂಪು. 10, 12, 8 ಸೇರಿ ಸರಿಯಾಗಿ 30 ಬಾರ್. 32 ಕಾರ್ಡ್ 22ಕ್ಕೆ ಇಳಿಯಿತು, ಒಂದು ಹೆಸರೂ ಬಿಟ್ಟುಹೋಗಲಿಲ್ಲ. ಕೃತಜ್ಞತೆಯ 68 ಹೆಸರು ಚಿತ್ರದ ಕೊನೆಗೆ, ಕೆಳಗಿನಿಂದ ಮೇಲೆ ಸರಿಯುವ ಪಟ್ಟಿಗೆ ಹೋದವು.

ಇದಕ್ಕೆ ನಿರ್ಮಾಪಕರು ಸುಲಭಕ್ಕೆ ಒಪ್ಪಲಿಲ್ಲ. 'ಕೊನೇಗೆ ಹಾಕಿದ್ರೆ ಯಾರ್ ಸರ್ ನೋಡ್ತಾರೆ? ಲೈಟ್ ಹಾಕ್ತಿದ್ದಂಗೆ ಎದ್ದು ಹೊಕ್ಕಾರೆ' ಎಂದರು. ಅವರ ಮಾತು ಸುಳ್ಳಲ್ಲ. ಕೊನೆಯ ಪಟ್ಟಿಯ ಹಿಂದೆ ಚಿತ್ರೀಕರಣದ ಸ್ಥಿರಚಿತ್ರಗಳನ್ನು ಹಾಕುವುದು, ಊರಿನವರು ತಮ್ಮ ಮುಖ ನೋಡಲಾದರೂ ನಿಲ್ಲುತ್ತಾರೆ ಎಂಬ ಒಪ್ಪಂದಕ್ಕೆ ಬಂದು ಮಾತು ಮುಗಿಯಿತು.

ಕಾಗದದ ಮೇಲಿನ ಯೋಜನೆ

92 ಸೆಕೆಂಡನ್ನೂ ಒಂದೇ ವಿಧಾನದಲ್ಲಿ ಮಾಡುವುದು ಸಾಧ್ಯವಿರಲಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12, ಒಟ್ಟು 1,104 ಚಿತ್ರ. ಒಬ್ಬರೇ ಬರೆಯುವವರು, 21 ದಿನ. ಹಾಗಾಗಿ ಹಂಚಿಕೆ ಹೀಗಾಯಿತು. ಆರಂಭ, ಚಿತ್ರದ ಹೆಸರು, ನಿರ್ದೇಶಕರ ಹೆಸರು, ಈ ಮೂರು ಐದೈದು ಸೆಕೆಂಡಿನ ತುಂಡುಗಳು ನಿಜವಾದ ಮಂಡಕ್ಕಿಯಲ್ಲಿ ಸ್ಟಾಪ್ ಮೋಶನ್: ವಸ್ತುವನ್ನು ಚೂರು ಚೂರೇ ಸರಿಸಿ, ಒಂದೊಂದೇ ಫೋಟೋ ತೆಗೆದು, ಸಾಲಾಗಿ ಓಡಿಸುವುದು. ನಡುವಿನ 75 ಸೆಕೆಂಡ್ ಕಟ್-ಔಟ್ ಪದ್ಧತಿ: ಆಳಿನ ತಲೆ, ಎದೆ, ತೋಳು, ಮುಂಗೈ, ಬೆರಳು ಎಂದು ತುಂಡು ತುಂಡಾಗಿ ಬರೆದು, ಸ್ಕ್ಯಾನ್ ಮಾಡಿ, ಕೀಲು ಕೂರಿಸಿ ಕಂಪ್ಯೂಟರಿನಲ್ಲಿ ಆಡಿಸುವುದು.

ಕಟ್-ಔಟ್ ಬಡವರ ಪದ್ಧತಿ ಎಂಬ ಮಾತಿದೆ. ಇರಲಿ. 1955ರಲ್ಲಿ ಸಾಲ್ ಬಾಸ್ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ಚಿತ್ರಕ್ಕೆ ಮಾಡಿದ ಟೈಟಲ್‌ನಲ್ಲಿ ಇದ್ದದ್ದು ಕಪ್ಪು ಹಿನ್ನೆಲೆಯ ಮೇಲೆ ಸರಿದಾಡುವ ಬಿಳಿ ಪಟ್ಟಿಗಳು, ಕೊನೆಯಲ್ಲಿ ಒಂದು ಸೊಟ್ಟ ತೋಳು, ಅಷ್ಟೆ. ತೊಗಲುಗೊಂಬೆ ಕಂಡ ನಾಡಿನವರಿಗೆ ಕೀಲಿನ ಕೈಕಾಲು ಹೇಗೆ ಜೀವ ತಳೆಯುತ್ತದೆಂದು ಹೇಳಿಕೊಡಬೇಕಾಗಿಯೂ ಇಲ್ಲ.

ಕೀಲಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ತೋಳಿನ ತುದಿ, ಮುಂಗೈಯ ಬುಡ ಎರಡೂ ಒಂದೇ ಅಳತೆಯ ವೃತ್ತದಲ್ಲಿ ಮುಗಿಯಬೇಕು, ತಿರುಗುವ ಬಿಂದು ಆ ವೃತ್ತದ ನಡುಮಧ್ಯದಲ್ಲಿರಬೇಕು. ವೃತ್ತದ ಅಳತೆ ತಪ್ಪಿದರೆ ಮೊಣಕೈ ಮಡಚಿದಾಗ ಹೊರಗೆ ಕೊಂಬು ಏಳುತ್ತದೆ, ಒಳಗೆ ಬಿರುಕು ಕಾಣುತ್ತದೆ. ಇಲ್ಲಿ ಜರಡಿ ಹಿಡಿಯುವ ಹೆಂಗಸಿನ ಮಣಿಕಟ್ಟಿಗೆ ಹಾಗೇ ಆಯಿತು. ಅಲ್ಲಿಗೆ ಒಂದು ಹಿಡಿ ಬಳೆ ಬರೆದು ಮುಚ್ಚಿದರು. ಯಾರೂ ಗುರುತಿಸಲಿಲ್ಲ, ಬಳೆ ಚೆನ್ನಾಗಿದೆ ಎಂದವರೇ ಹೆಚ್ಚು.

ಅಕ್ಕಿ ಅರಳುವ ಚಲನೆಗೆ ಹೆಚ್ಚು ಹೊತ್ತು ಹಿಡಿಯಿತು. ನಿಜದಲ್ಲಿ ಅದು ಕಣ್ಣಿಗೆ ಸಿಗದಷ್ಟು ಬೇಗ ಆಗುವ ಕ್ರಿಯೆ. ಹಾಗೇ ಮಾಡಿದರೆ ಪರದೆಯ ಮೇಲೆ ಚುಕ್ಕಿ ಮಿನುಗಿದಂತೆ ಕಾಣುತ್ತದೆ. ಎರಡು ಫ್ರೇಮ್ ಕಾಳು ಕೊಂಚ ಕುಗ್ಗುವುದು, ಮುಂದಿನ ಒಂದೇ ಫ್ರೇಮಿಗೆ ಮಂಡಕ್ಕಿಯ ಗಾತ್ರಕ್ಕಿಂತ ಶೇ. 20ರಷ್ಟು ಹೆಚ್ಚು ಹಿಗ್ಗುವುದು, ಮರುಫ್ರೇಮಿಗೆ ಶೇ. 95ಕ್ಕೆ ಇಳಿಯುವುದು, ಐದನೆಯದಕ್ಕೆ ನೆಲೆ ನಿಲ್ಲುವುದು. ಈ ಐದು ಫ್ರೇಮನ್ನು ಮಾತ್ರ ಎರಡೆರಡು ಹಿಡಿಯದೆ ಒಂದೊಂದಾಗಿಯೇ ಓಡಿಸಬೇಕು. ಎಲ್ಲ ಕಾಳೂ ಒಟ್ಟಿಗೆ ಅರಳಿದರೆ ಯಂತ್ರ ಮಾಡಿದಂತಿರುತ್ತದೆ. ಅದಕ್ಕೆ ಒಂದೊಂದು ಕಾಳನ್ನೂ 0ಯಿಂದ 9 ಫ್ರೇಮಿನವರೆಗೆ ಹಿಂದೆಮುಂದೆ ಸರಿಸಿದರು. ಅರಳದೆ ಉಳಿದ ಒಂದೆರಡು ಗಟ್ಟಿ ಕಾಳನ್ನೂ ಬಿಟ್ಟರು. ಭಟ್ಟಿ ಕಂಡವರು ಮೆಚ್ಚಿದ್ದು ಅದನ್ನೇ.

ಮೇಜಿನ ಮೇಲೆ ಮಂಡಕ್ಕಿ

ಚಿತ್ರ ಸ್ಕೋಪ್ ಅಳತೆಯದು, ಅಗಲ ಎತ್ತರದ 2.39 ಪಟ್ಟು. ಇದನ್ನು ಮೊದಲ ದಿನವೇ ಸಂಕಲನಕಾರರಿಗೆ ಫೋನ್ ಮಾಡಿ ಕೇಳಿಕೊಂಡಿದ್ದರು. ಕೇಳದೆ 1920 × 1080ರಲ್ಲಿ ಚಿತ್ರ ತುಂಬಿದ್ದರೆ ಮೇಲೆ ಕೆಳಗೆ 138 ಪಿಕ್ಸೆಲ್ ಕತ್ತರಿಗೆ ಹೋಗುತ್ತಿತ್ತು, ಭಟ್ಟಿಯ ಚಿಮಣಿಯೂ ಕೆಳಸಾಲಿನ ಹೆಸರೂ ಅದರ ಜತೆಗೆ. ಮೇಜಿನ ಮೇಲೆ 36 ಇಂಚು ಅಗಲ, 15 ಇಂಚು ಎತ್ತರದ ಚೌಕಟ್ಟನ್ನು ಟೇಪಿನಲ್ಲಿ ಗುರುತಿಸಿ, ಮೇಲಿಂದ ನೇರ ಕೆಳಗೆ ನೋಡುವಂತೆ ಕ್ಯಾಮೆರಾ ಕಟ್ಟಿದರು. ಹಿನ್ನೆಲೆಗೆ ಕಪ್ಪು ಬಟ್ಟೆ ಹಾಕಿ ನೋಡಿದಾಗ ಮಂಡಕ್ಕಿಯ ಹುಡಿ ಅದರ ನೂಲಿಗೆ ಅಂಟಿ, ಪ್ರತಿ ಫೋಟೋದಲ್ಲೂ ಬೇರೆ ಬೇರೆ ಕಡೆ ಬಿಳಿ ಚುಕ್ಕಿ. ಬಟ್ಟೆ ತೆಗೆದು, ಹೊಳಪಿಲ್ಲದ ಕಡುಗೆಂಪು ಡ್ರಾಯಿಂಗ್ ಶೀಟ್ ಹಾಕಿ, ಪ್ರತಿ ಹತ್ತು ಫೋಟೋಕ್ಕೊಮ್ಮೆ ಮೆತ್ತನೆ ಬ್ರಷ್ಷಿನಿಂದ ಗುಡಿಸುವುದೆಂದಾಯಿತು.

ಕ್ಯಾಮೆರಾದಲ್ಲಿ ತನ್ನಷ್ಟಕ್ಕೆ ಆಗುವುದೆಲ್ಲವನ್ನೂ ಬಂದ್ ಮಾಡಬೇಕು: ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಐಎಸ್‌ಒ. ಅಷ್ಟು ಮಾಡಿದರೂ ಮೊದಲ 20 ಫೋಟೋ ಓಡಿಸಿದಾಗ ಬೆಳಕು ಮಿಣಮಿಣ ಎನ್ನುತ್ತಿತ್ತು. ಕಾರಣ ಮೂರಿದ್ದವು. ಈಗಿನ ಲೆನ್ಸುಗಳು ಪ್ರತಿ ಫೋಟೋಕ್ಕೂ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಮುಚ್ಚಿ ತೆರೆಯುತ್ತವೆ, ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಕೈಯಲ್ಲಿ ಉಂಗುರ ತಿರುಗಿಸಿ ಅಪರ್ಚರ್ ಇಡುವ ಹಳೆಯ ಲೆನ್ಸ್ ಹಾಕಿದಾಗ ಅದು ನಿಂತಿತು. ಎರಡನೆಯದು ಕರೆಂಟ್. ಸಂಜೆ ಆರರ ನಂತರ ವೋಲ್ಟೇಜ್ ಏರಿಳಿದು ಮನೆಬಳಕೆಯ ಬಲ್ಬಿನ ಬೆಳಕೂ ಅದರ ಹಿಂದೆಯೇ ಕುಣಿಯುತ್ತದೆ. ಬ್ಯಾಟರಿಯ ಎಲ್‌ಇಡಿ ಪ್ಯಾನೆಲ್ ಎರಡು ತಂದರು, ಒಂದು ಓರೆಯಾಗಿ, ಒಂದು ಎದುರಿನಿಂದ ಮಂದವಾಗಿ. ಮೂರನೆಯದನ್ನು ಹುಡುಕಲು ಅರ್ಧ ದಿನ ಹೋಯಿತು: ಕ್ಯಾಮೆರಾದವರ ಬಿಳಿ ಅಂಗಿ. ಅವರು ಬಗ್ಗಿ ಕಾಳು ಸರಿಸಿ, ಒಮ್ಮೆ ಹತ್ತಿರ, ಒಮ್ಮೆ ದೂರ ನಿಂತು ಬಟನ್ ಒತ್ತುತ್ತಿದ್ದರು. ಅಂಗಿಯ ಮೇಲೆ ಬಿದ್ದ ಬೆಳಕು ಮೇಜಿಗೆ ಮರಳಿ ಬೀಳುತ್ತಿತ್ತು. ಅಂದಿನಿಂದ ಎಲ್ಲರಿಗೂ ಕಪ್ಪು ಟೀ ಶರ್ಟ್, ಎಲ್ಲರಿಗೂ ಒಂದೇ ಜಾಗದಲ್ಲಿ ನಿಲ್ಲುವ ಗುರುತು.

ಅಕ್ಷರ ಮೂಡಿಸುವುದನ್ನು ಹಿಂದುಮುಂದಾಗಿ ಚಿತ್ರಿಸಿದರು. ಚೆದುರಿದ ಮಂಡಕ್ಕಿಯನ್ನು ಒಂದೊಂದಾಗಿ ಸರಿಸಿ ಅಕ್ಷರ ಕಟ್ಟುತ್ತ ಹೋದರೆ ಕೊನೆಗೆ ಅಕ್ಷರ ಎಲ್ಲೋ ಸೊಟ್ಟಗಾಗಿ ನಿಂತಿರುತ್ತದೆ, ಅಷ್ಟರಲ್ಲಿ 60 ಫೋಟೋ ಮುಗಿದಿರುತ್ತವೆ. ಆದ್ದರಿಂದ ಮೊದಲೇ ಚಂದವಾಗಿ ಅಕ್ಷರ ಕೂರಿಸಿ ಫೋಟೋ ತೆಗೆದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆಡಿಸುತ್ತ ಹೋಗಿ, ಓಡಿಸುವಾಗ ಸಾಲನ್ನು ತಿರುಗಿಸುವುದು. ಚಿತ್ರದ ಹೆಸರಿನಲ್ಲಿ ನಾಲ್ಕು ಅಕ್ಷರ, ಒಂದು ಒತ್ತು. ಒಂದೊಂದು ಅಕ್ಷರ 12 ಸೆಂಟಿಮೀಟರ್ ಎತ್ತರ, ಗೆರೆಯ ದಪ್ಪ ಎರಡು ಕಾಳಿನಷ್ಟು. ಒತ್ತಕ್ಷರಕ್ಕೆ ಕೆಳಗೆ ಜಾಗ ಸಾಲದೆ ಹೆಸರನ್ನೇ ಎರಡು ಇಂಚು ಮೇಲಕ್ಕೆ ಸರಿಸಬೇಕಾಯಿತು. ಕನ್ನಡದ ಹೆಸರನ್ನು ಚೌಕಟ್ಟಿನ ನಟ್ಟನಡುವೆ ಇಡಬೇಕಾದರೆ ಒತ್ತನ್ನೂ ಗುಡಿಸನ್ನೂ ಸೇರಿಸಿ ಎತ್ತರ ಅಳೆಯಬೇಕು. ಬರೀ ತಲಕಟ್ಟಿನಿಂದ ಪಾದದವರೆಗೆ ಅಳೆದರೆ ಒತ್ತು ನೇತಾಡುತ್ತದೆ.

ಮೂರು ತುಂಡಿಗೆ 63ರಂತೆ 189 ಫೋಟೋ, ಒಂದಕ್ಕೆ ಸುಮಾರು 4 ನಿಮಿಷದ ಲೆಕ್ಕದಲ್ಲಿ ಹನ್ನೆರಡೂವರೆ ಗಂಟೆ. ಎರಡು ದಿನದ ಕೆಲಸ ಎಂದುಕೊಂಡದ್ದಕ್ಕೆ ನಾಲ್ಕು ದಿನ ಹಿಡಿಯಿತು. ತಡವಾದದ್ದು ಮಂಡಕ್ಕಿಯಿಂದ. ಆಷಾಢದ ಥಂಡಿಗೆ ಪೊಟ್ಟಣ ಬಿಚ್ಚಿದ ಗಂಟೆಯೊಳಗೆ ಅದು ಮೆತ್ತಗಾಗಿ ಮುರುಟಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ, ಆದರೆ 60 ಫೋಟೋ ಒಟ್ಟಿಗೆ ಓಡಿಸಿದರೆ ಅಕ್ಷರ ತಾನಾಗಿಯೇ ಸಣಕಲಾಗುತ್ತ ಹೋಗುವುದು ಕಾಣುತ್ತದೆ. ಫ್ಯಾನ್ ಹಾಕುವಂತಿಲ್ಲ, ಕಾಳು ಹಾರಿಹೋಗುತ್ತದೆ. ಫೆವಿಕಾಲ್ ನೀರು ಮಾಡಿ ಅಂಟಿಸಿ ನೋಡಿದರು, ನೀರು ತಾಗಿದ್ದೇ ತಡ ಮಂಡಕ್ಕಿ ಕರಗಿ ಕುಳಿಯಾಯಿತು. ಕೊನೆಗೆ ಹಿಡಿದ ದಾರಿ ಇದು: ಬಾಣಲೆಯಲ್ಲಿ ಮಂಡಕ್ಕಿಯನ್ನು ಬಣ್ಣ ತಿರುಗದಂತೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ಒಂದೊಂದು ತುಂಡನ್ನೂ ನಡುವೆ ಬಿಡುವಿಲ್ಲದೆ ಒಂದೇ ಬೈಠಕ್ಕಿನಲ್ಲಿ ಮುಗಿಸುವುದು. ಒಂದೇ ಗಾತ್ರದ ಕಾಳು ಆರಿಸಲು ಜರಡಿ. ಗಾತ್ರ ಬೇರೆಯಾದರೆ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ.

ಎರಡನೆಯ ರಾತ್ರಿ ನಿರ್ದೇಶಕರ ಹೆಸರನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದರು. ಬೆಳಿಗ್ಗೆ ಬಂದಾಗ ಮೇಜಿನ ತುಂಬ ಇರುವೆ, ಹೆಸರಿನ ಎರಡನೆಯ ಅಕ್ಷರ ಅರ್ಧ ಗೋಡೆಯ ಮೇಲೆ ನಡೆದು ಹೋಗುತ್ತಿತ್ತು. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟು ಮತ್ತೆ ಮೊದಲಿನಿಂದ ಹಿಡಿದರು.

ನಿಂತ ಅಕ್ಷರದ ಬಗ್ಗೆ ಇನ್ನೊಂದು ಮಾತು. ಅಕ್ಷರ ಪೂರ್ತಿಯಾದ ಮೇಲೆ ಒಂದೇ ಫೋಟೋವನ್ನು ಎರಡು ಸೆಕೆಂಡ್ ಹಿಡಿದರೆ ಜೀವ ಹೋದಂತೆ ಕಾಣುತ್ತದೆ. ಏನನ್ನೂ ಬೇಕೆಂದು ಅಲುಗಿಸದೆ, ನಾಲ್ಕಾರು ಕಾಳನ್ನು ಬೆರಳಿನಿಂದ ಸುಮ್ಮನೆ ತಾಗಿಸಿ ತೆಗೆದ ಮೂರು ಫೋಟೋಗಳನ್ನು ಒಂದಾದ ಮೇಲೊಂದು ಸುತ್ತಿಸಿದರೆ ಅಕ್ಷರ ಉಸಿರಾಡುತ್ತದೆ.

25 ಎಂಬ ಅಂಕಿ

ಮೊದಲ ದಿನ ಸಂಕಲನಕಾರರಿಗೆ ಚೌಕಟ್ಟಿನ ಅಳತೆ ಕೇಳಿದ್ದರು. ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಕೇಳಲಿಲ್ಲ. ತಂಡ ಅದುವರೆಗೆ ಮಾಡಿದ್ದೆಲ್ಲ ಟಿವಿ ಜಾಹೀರಾತು, ನಮ್ಮ ಟಿವಿಯದು 25. ಸಾಫ್ಟ್‌ವೇರಿನ ಹಳೆಯ ಪ್ರಾಜೆಕ್ಟ್ ತೆರೆದು, ಕಾಗದದ ಮೇಲೆ 24ರ ಲೆಕ್ಕ ಹಾಕಿದ್ದರೂ ಬರೀ ಹೆಸರು ಬದಲಿಸಿ, ಅದರಲ್ಲೇ ಕೆಲಸ ಶುರು ಮಾಡಿದ್ದರು.

ಸುಳಿವು ಕಣ್ಣೆದುರೇ ಇತ್ತು. ನಿಮಿಷಕ್ಕೆ 96 ಬೀಟ್ ಆದರೆ 24ರ ಲೆಕ್ಕದಲ್ಲಿ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್. 25ರ ಲೆಕ್ಕದಲ್ಲಿ 15.625. ಬೀಟಿನ ಗುರುತು ಹಾಕುವಾಗ ಒಮ್ಮೆ 15, ಒಮ್ಮೆ 16 ಎಂದು ಬರುತ್ತಿದ್ದುದನ್ನು ಕಂಡು, ಸಂಗೀತದವರು ಕೈಯಲ್ಲಿ ನುಡಿಸಿರಬೇಕು ಎಂದುಕೊಂಡು ಮುಂದೆ ಹೋದರು. ಸ್ಟಾಪ್ ಮೋಶನ್ನಿಗೆ 60ರ ಬದಲು 63 ಫೋಟೋ ಬೇಕಾದದ್ದೂ ಇದರಿಂದಲೇ.

ಹನ್ನೊಂದನೆಯ ದಿನ 2,300 ಫ್ರೇಮುಗಳ ಸಾಲು ಸಂಕಲನಕಾರರ ಕೈ ಸೇರಿತು. ಅವರು ಅದನ್ನು 24ರಲ್ಲಿ ಇಳಿಸಿಕೊಂಡರು, 92 ಸೆಕೆಂಡ್ ಇರಬೇಕಾದದ್ದು 95.83 ಆಯಿತು. ಆರಂಭದಲ್ಲಿ ಎಲ್ಲ ಸರಿಯೇ. 48ನೆಯ ಸೆಕೆಂಡಿನ ತಮಟೆಯ ಪೆಟ್ಟಿಗೆ ಆಗಬೇಕಾದ ಚಲನೆ 50ನೆಯ ಸೆಕೆಂಡಿಗೆ. ಕೊನೆಗೆ ಸಂಗೀತ ನಿಂತ ಮೇಲೂ ನಿರ್ದೇಶಕರ ಹೆಸರು ಮೂಡುತ್ತಲೇ ಇತ್ತು.

ಸಂಗೀತವನ್ನು ಎಳೆದು ಹೊಂದಿಸಿ ಎಂಬ ಸಲಹೆ ಬಂತು. ಹಾಗೆ ಎಳೆದರೆ ಶೇ. 4ರಷ್ಟು ನಿಧಾನವಾಗಿ ಶ್ರುತಿ ಅರ್ಧ ಸ್ವರದ ಸುಮಾರು ಮುಕ್ಕಾಲು ಪಾಲು ಇಳಿಯುತ್ತದೆ, ಹಿಂದೆಯೇ ಬರುವ ಮೊದಲ ದೃಶ್ಯದ ಸಂಗೀತಕ್ಕೆ ಕೂಡುವುದಿಲ್ಲ. ಪ್ರತಿ 25ನೆಯ ಫ್ರೇಮನ್ನು ಕಿತ್ತುಹಾಕುವುದು ಇನ್ನೊಂದು ದಾರಿ. ಕೈಕಾಲಿನ ಚಲನೆಯಲ್ಲಿ ಅದು ತಿಳಿಯುವುದಿಲ್ಲ. ಆದರೆ ಭಟ್ಟಿಯ ಸಾಲನ್ನು ನಿಧಾನವಾಗಿ ತೋರಿಸುತ್ತ ಹೋಗುವ ದೃಶ್ಯದಲ್ಲಿ ಸೆಕೆಂಡಿಗೊಮ್ಮೆ ಎತ್ತಿನಗಾಡಿ ಕಲ್ಲು ಹತ್ತಿದಂತೆ ಎಗರುತ್ತದೆ. ಆದ್ದರಿಂದ ಮೂರು ಬಗೆಯ ರಿಪೇರಿ. ಕಟ್-ಔಟ್ ಭಾಗದ ಗುರುತುಗಳನ್ನೆಲ್ಲ 24ರ ಪ್ರಾಜೆಕ್ಟಿಗೆ ತಂದು, ಬೀಟಿಗೆ 15ರಂತೆ ಕೂರಿಸಿ ಮತ್ತೆ ರೆಂಡರ್ ಮಾಡಿದರು (ಕಂಪ್ಯೂಟರಿನಿಂದ ಅಂತಿಮ ಫ್ರೇಮುಗಳನ್ನು ತೆಗೆದರು), ಅದಕ್ಕೆ ಎರಡು ರಾತ್ರಿ. ಅಕ್ಕಿ ಅರಳುವ ಐದು ಫ್ರೇಮಿನ ಚಲನೆಯನ್ನು ಮುಟ್ಟಲಿಲ್ಲ, ಅದು ಶುರುವಾಗುವ ಹೊತ್ತನ್ನು ಮಾತ್ರ ಸರಿಸಿದರು. ಸ್ಟಾಪ್ ಮೋಶನ್ನಿನ ಪ್ರತಿ ತುಂಡಿನಿಂದ ಕಣ್ಣಳತೆಯಲ್ಲಿ ಮೂರು ಮೂರು ಫೋಟೋ ತೆಗೆದರು, ಚಲನೆ ತೀರಾ ನಿಧಾನವಿದ್ದ ಕಡೆ ಆರಿಸಿ.

ಹೆಸರು ಬದಲಾದಾಗ

ದೊಡ್ಡ ಪೆಟ್ಟು ಇದಲ್ಲ. ಮೊದಲ ಆವೃತ್ತಿಯಲ್ಲಿ 22 ಕಾರ್ಡುಗಳ ಪೈಕಿ 13ರಲ್ಲಿ ಹೆಸರು ಚಿತ್ರದೊಳಗೇ ಬರೆದುಹೋಗಿತ್ತು: ಗೋಣಿಚೀಲದ ಮೇಲೆ ಶಾಯಿಯಲ್ಲಿ, ಭಟ್ಟಿಯ ಗೋಡೆಯ ಮೇಲೆ ಸುಣ್ಣದಲ್ಲಿ, ಲಾರಿಯ ಹಿಂಬದಿಯಲ್ಲಿ, ಮಿರ್ಚಿ ಅಂಗಡಿಯ ಬೋರ್ಡಿನಲ್ಲಿ. ಫ್ಲೆಕ್ಸ್ ಬಂದು ಕೆಲಸ ಕಡಿಮೆಯಾಗಿದ್ದ ಒಬ್ಬ ಬೋರ್ಡ್ ಬರೆಯುವವರಿಂದ ಅಕ್ಷರ ಬರೆಸಿದ್ದರು. ನೋಡಲು ತುಂಬ ಚಂದವಿತ್ತು. ನಿರ್ದೇಶಕರು ಅಂದುಕೊಂಡದ್ದಕ್ಕಿಂತ ಚಂದವಿತ್ತು.

ಹದಿಮೂರನೆಯ ದಿನದಿಂದ ಮೂರು ದಿನದಲ್ಲಿ 9 ತಿದ್ದುಪಡಿ ಬಂದವು. ಒಬ್ಬರಿಗೆ 'ಸಿದ್ದೇಶ' ಅಲ್ಲ, 'ಸಿದ್ಧೇಶ'. ಇನ್ನೊಬ್ಬರಿಗೆ ಊರಿನ ಹೆಸರು ಮುಂದೆ ಬೇಕು. ಮತ್ತೊಬ್ಬರ ಇನಿಶಿಯಲ್ ತಿರುವುಮುರುವು. ಒಬ್ಬ ಹಿರಿಯ ಕಲಾವಿದರ ಹೆಸರು ಜೋಡಿಯಲ್ಲಿ ಎರಡನೆಯದಾಗಿತ್ತು, ಮೊದಲು ಬರಬೇಕು. 'ನಮ್ ಮಾವಾರ್ ಹೆಸ್ರ ಬಿಟ್ಟೋಗೈತಲ್ಲ' ಎಂದು ನಿರ್ಮಾಪಕರ ಕಡೆಯಿಂದ ಒಂದು. ಪ್ರತಿ ತಿದ್ದುಪಡಿಗೂ ಬೋರ್ಡಿನವರನ್ನು ಕರೆಸಿ, ಬರೆಸಿ, ಸ್ಕ್ಯಾನ್ ಮಾಡಿ, ಚೀಲದ ಸುಕ್ಕಿಗೆ ತಕ್ಕಂತೆ ಬಗ್ಗಿಸಿ ಕೂರಿಸಲು ಎರಡರಿಂದ ಮೂರು ಗಂಟೆ. ನಾಲ್ಕನೆಯ ತಿದ್ದುಪಡಿಯ ಹೊತ್ತಿಗೆ ತಂಡಕ್ಕೆ ಅರ್ಥವಾಯಿತು, ಚಿತ್ರ ಕಟ್ಟಿದ್ದೇ ತಪ್ಪು ಕ್ರಮದಲ್ಲಿ.

ಹೆಸರನ್ನು ತೆಗೆದು ಇನ್ನೊಂದು ಹಾಕಿದರೂ ಚಿತ್ರಕ್ಕೆ ಕೈ ಹಚ್ಚುವಂತಾಗಬಾರದು. ಹದಿನಾರನೆಯ ದಿನ ಎಲ್ಲ 13 ದೃಶ್ಯಗಳಲ್ಲೂ ಚೀಲ, ಗೋಡೆ, ಬೋರ್ಡುಗಳನ್ನು ಖಾಲಿ ಮಾಡಿದರು. ಪ್ರತಿಯೊಂದರ ಮೇಲೂ ನಾಲ್ಕು ಮೂಲೆ ಗುರುತಿಸಿ, ಆ ಮೂಲೆಗಳಿಗೆ ಅಂಟಿಕೊಂಡು ಚಲಿಸುವ ಪಾರದರ್ಶಕ ಹಲಗೆ ಇಟ್ಟರು. ಹೆಸರು ಬರುವುದು ಆ ಹಲಗೆಯ ಮೇಲೆ. ಗೋಣಿಯ ನೇಯ್ಗೆ ಹೆಸರಿನ ಮೂಲಕ ಕಾಣುವಂತೆ ಮಲ್ಟಿಪ್ಲೈ, ಸುಣ್ಣದ ಅಕ್ಷರಕ್ಕೆ ಸ್ಕ್ರೀನ್, ಎರಡೂ ಸಾಫ್ಟ್‌ವೇರಿನಲ್ಲಿ ಪದರ ಬೆರೆಸುವ ವಿಧಾನಗಳು. ಸುಕ್ಕಿನ ನಕ್ಷೆಯೊಂದು ಬೇರೆಯೇ ಪದರವಾಗಿ, ಯಾವ ಹೆಸರು ಬಂದರೂ ಅದನ್ನು ಬಗ್ಗಿಸುವಂತೆ.

ಆಗ ಅಕ್ಷರದ ಪ್ರಶ್ನೆ ಬಂತು. ಫಾಂಟ್ ಹಾಕಿದರೆ ಬೋರ್ಡಿನವರ ಕೈ ಮಾಯವಾಗುತ್ತದೆ. ಇಂಗ್ಲಿಷ್ ಆಗಿದ್ದರೆ 26 ಅಕ್ಷರ ಬರೆಸಿ ಜೋಡಿಸಬಹುದಿತ್ತು. ಕನ್ನಡಕ್ಕೆ ಕಾಗುಣಿತ, ಒತ್ತು ಸೇರಿ ನೂರಾರು ರೂಪ. ಆದರೆ 46 ಹೆಸರಿಗೂ ಹುದ್ದೆಗಳಿಗೂ ನಿಜಕ್ಕೂ ಬೇಕಾದ ರೂಪಗಳನ್ನು ಪಟ್ಟಿ ಮಾಡಿದರೆ 118 ಮಾತ್ರ. ಬೋರ್ಡಿನವರು ಅಷ್ಟನ್ನೂ ದೊಡ್ಡ ಹಾಳೆಯ ಮೇಲೆ ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟರು. 'ರ', 'ನ', 'ಪ್ಪ' ಮುಂತಾಗಿ ಪದೇ ಪದೇ ಬರುವ ರೂಪಗಳನ್ನು ಎರಡೆರಡು ಸಲ, ಒಂದೇ ಹೆಸರಿನಲ್ಲಿ ಎರಡು 'ರ' ತದ್ರೂಪವಾಗಿ ಕಂಡು ಫಾಂಟ್ ಎಂದು ಗೊತ್ತಾಗಬಾರದಲ್ಲ. ಆಮೇಲಿನ ತಿದ್ದುಪಡಿಗಳಿಗೆ ಹತ್ತು ಹದಿನೈದು ನಿಮಿಷ ಸಾಕಾಯಿತು.

ಉಳಿದ 9 ಕಾರ್ಡುಗಳಲ್ಲಿ ಸಾದಾ ಫಾಂಟ್ ಇತ್ತು, ಅಲ್ಲಿ ಬೇರೆಯೇ ಬಗೆಯ ಗೊಂದಲ. ನಿರ್ಮಾಪಕರ ಕಚೇರಿಯ ಪಟ್ಟಿ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯ ಹಳೆಯ ಎನ್‌ಕೋಡಿಂಗ್‌ನಲ್ಲಿ ಬಂದಿತ್ತು. ಅದನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಇದ್ದ ಹೆಸರುಗಳು ಕೆಟ್ಟವು. ಹಳೆಯದರಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ 'ರ್' ಮೊದಲು ಬರುತ್ತದೆ. ಕನ್ವರ್ಟರ್ ಎಡವಿದರೆ 'ಕೀರ್ತಿ' ಕೀರ್ತಿಯಾಗಿ ಉಳಿಯುವುದಿಲ್ಲ. 'ರಾಜ್‌ಕುಮಾರ' ಎಂದು ಬಿಡಿಸಿ ನಿಲ್ಲಲು ನಡುವೆ ಕಾಣದ ಒಂದು ಚಿಹ್ನೆ ಬೇಕು, ಕಾಪಿ-ಪೇಸ್ಟ್ ಮಾಡುವಾಗ ಅದು ಬಿದ್ದುಹೋದರೆ 'ರಾಜ್ಕುಮಾರ' ಎಂದು ಒತ್ತಾಗಿ ಕೂರುತ್ತದೆ. ಅನಿಮೇಶನ್ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಟೈಪ್ ಸೆಟ್ಟಿಂಗನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸದಿದ್ದರೆ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗುತ್ತಿದ್ದವು. ಬದಲಿಸಿದ ಮೇಲೂ ಅಕ್ಷರ ಒಂದೊಂದಾಗಿ ಮೂಡುವ ಎಫೆಕ್ಟ್ ಹಾಕುವಾಗ ಎಚ್ಚರ ಬೇಕು, 'ಕ್ಷ್ಮೀ'ಯನ್ನು ಎಲ್ಲಿ ಕತ್ತರಿಸಬೇಕೆಂದು ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ತಂಡ ಈ ತಲೆನೋವೇ ಬೇಡವೆಂದು ಹೆಸರುಗಳನ್ನು ಗೆರೆಚಿತ್ರದ ಸಾಫ್ಟ್‌ವೇರ್ ಇಂಕ್‌ಸ್ಕೇಪಿನಲ್ಲಿ ಬರೆದು, ಗೆರೆಯ ಆಕಾರಗಳಾಗಿ ಮಾಡಿ, ಅಕ್ಷರಕ್ಕೊಂದು ಗುಂಪು ಕಟ್ಟಿ ತಂದಿತು.

ಒಪ್ಪಿಗೆ ಪಡೆಯುವ ಕ್ರಮವೂ ಬದಲಾಯಿತು. ಮೊದಲು ಹೆಸರನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ 'ಸರಿಯಾ?' ಎಂದು ಕೇಳುತ್ತಿದ್ದರು. ಫೋನಿನಲ್ಲಿ ಸರಿ ಕಂಡದ್ದು ರೆಂಡರಿನಲ್ಲಿ ತಪ್ಪಾಗಿರಬಹುದು. ಈಗ ಕಾರ್ಡಿನ ಚಿತ್ರವನ್ನೇ ಕಳಿಸಿ, 'ಹೀಗೇ ಬರುತ್ತದೆ, ನೋಡಿ ಹೇಳಿ' ಎಂದು ಕೇಳಿ, ಉತ್ತರ ಬಂದ ದಿನಾಂಕವನ್ನು ಒಂದು ತಖ್ತೆಯಲ್ಲಿ ಬರೆದಿಟ್ಟರು. ಹತ್ತೊಂಬತ್ತನೆಯ ದಿನ ಸಂಜೆ ಆರಕ್ಕೆ ಪಟ್ಟಿಗೆ ಬೀಗ. ಸೆನ್ಸಾರ್ ಪ್ರಮಾಣಪತ್ರ ಬಂದ ಮೇಲೆ ಚಿತ್ರದಲ್ಲಿ ಏನನ್ನು ತೆಗೆದರೂ ಸೇರಿಸಿದರೂ ಮಂಡಳಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ ಎಂಬುದನ್ನು ನಿರ್ಮಾಪಕರಿಗೆ ಹೇಳಿದಾಗ ಅವರೇ ಮುಂದೆ ನಿಂತು ಬೀಗ ಹಾಕಿಸಿದರು.

ಸೆನ್ಸಾರಿನ ದೃಷ್ಟಿಯಿಂದಲೇ ಇನ್ನೊಂದು ಬದಲಾವಣೆ. ಏಳನೆಯ ದೃಶ್ಯದ ಆಳಿನ ಬೆರಳ ಸಂದಿಯಲ್ಲಿ ಬೀಡಿ ಇತ್ತು. ಬರೆದ ಬೀಡಿಯಾದರೂ ತೆರೆಯ ಮೇಲೆ ತಂಬಾಕು ತಂಬಾಕೇ, ಕೆಳಗೆ ಎಚ್ಚರಿಕೆಯ ಸಾಲು ಬಂದು ಹೆಸರಿನ ಜಾಗ ಹಿಡಿಯುತ್ತಿತ್ತು. ಬೀಡಿ ತೆಗೆದು ಚಹದ ಲೋಟ ಕೊಟ್ಟರು. ಚಿತ್ರದೊಳಗೆ ಬೇರೆ ಕಡೆ ಬೀಡಿ ಸೇದುವ ದೃಶ್ಯ ಇದ್ದೇ ಇತ್ತು, ಆದ್ದರಿಂದ ಆರಂಭದಲ್ಲಿ ಹೇಗೂ ಬರುವ 10 ಸೆಕೆಂಡ್ ಪ್ರಮಾಣಪತ್ರದ ಜತೆಗೆ 30 ಸೆಕೆಂಡ್ ಆರೋಗ್ಯ ಸಂದೇಶ, 20 ಸೆಕೆಂಡ್ ಘೋಷಣೆ ತಪ್ಪುವುದಿಲ್ಲ. ಅದೆಲ್ಲ ಮುಗಿಸಿ ಸುಸ್ತಾದ ಕಣ್ಣಿಗೆ ಟೈಟಲ್ ಶುರುವಾಗುತ್ತದೆ. ಹೆಸರೇ ಇಲ್ಲದ ಮೊದಲ ಐದು ಸೆಕೆಂಡ್ ಅನ್ನು, ಎಷ್ಟೇ ಒತ್ತಡ ಬಂದರೂ, ತಂಡ ಬಿಟ್ಟುಕೊಡದೆ ಉಳಿಸಿಕೊಂಡದ್ದು ಇದಕ್ಕೇ.

ಪರದೆಯ ಮೇಲೆ

ಊರಿನ ಒಂಟಿ ಪರದೆಯ ಚಿತ್ರಮಂದಿರವೊಂದರಲ್ಲಿ ಬೆಳಗಿನ ಆಟಕ್ಕೆ ಮೊದಲು ಅರ್ಧ ಗಂಟೆ ಕೇಳಿ ಪಡೆದು ಓಡಿಸಿ ನೋಡಿದರು. ಲ್ಯಾಪ್‌ಟಾಪಿನಲ್ಲಿ ಹೊಳೆಯುತ್ತಿದ್ದದ್ದು ಅಲ್ಲಿ ಮಂಕಾಗಿತ್ತು. ಸಿನಿಮಾ ಪರದೆಗೆ ಗೊತ್ತುಮಾಡಿದ ಬೆಳಕೇ 48 ನಿಟ್ (ಪರದೆಯ ಹೊಳಪಿನ ಅಳತೆ), ಲ್ಯಾಪ್‌ಟಾಪ್ ಅದರ ಐದಾರು ಪಟ್ಟು. ಹಳೆಯ ದೀಪವಿದ್ದರೆ ಇನ್ನೂ ಕಡಿಮೆ. ಕಡುಗೆಂಪು ಹಿನ್ನೆಲೆ ಕಪ್ಪಿನಲ್ಲಿ ಮುಳುಗಿತ್ತು, ಭಟ್ಟಿಯೊಳಗಿನ ಆಳು ಬರೀ ನೆರಳಾಗಿದ್ದ. ಬೋರ್ಡಿನವರ ಬ್ರಷ್ಷಿನ ತೆಳು ಬಾಲಗಳು, 4 ಪಿಕ್ಸೆಲ್‌ಗಿಂತ ಕಡಿಮೆ ದಪ್ಪದವು, ಬಾಲ್ಕನಿಯಿಂದ ಕಾಣಲೇ ಇಲ್ಲ. ನಡುಬಣ್ಣಗಳನ್ನು ಏರಿಸಿ, ಅಕ್ಷರದ ಗೆರೆಗೆ ಕನಿಷ್ಠ 6 ಪಿಕ್ಸೆಲ್ ದಪ್ಪ ಕೊಟ್ಟು, ಹೆಸರುಗಳನ್ನು ಅಂಚಿನಿಂದ ಪಕ್ಕಕ್ಕೆ 102, ಮೇಲೆ ಕೆಳಗೆ 43 ಪಿಕ್ಸೆಲ್ ಒಳಗೆ ತಂದರು. 2048 × 858ರ ಚೌಕಟ್ಟಿನಲ್ಲಿ ಅದು ಪ್ರತಿ ಅಂಚಿಗೆ ಶೇ. 5. ಬಿಳಿ ಮಂಡಕ್ಕಿ ಮಾತ್ರ ಯಾವ ತೊಂದರೆಯೂ ಇಲ್ಲದೆ ಫಳಫಳ ಕಾಣುತ್ತಿತ್ತು.

ಕೊನೆಯ ಪಟ್ಟಿ ಸರಿಯುವಾಗ ಅಕ್ಷರ ನಡುಗುತ್ತಿತ್ತು. ಫ್ರೇಮಿಗೆ 2.6 ಪಿಕ್ಸೆಲ್ ವೇಗ ಇಟ್ಟಿದ್ದರು, ಅರ್ಧಂಬರ್ಧ ಪಿಕ್ಸೆಲ್ ಬಂದಾಗಲೆಲ್ಲ ಗೆರೆ ಒಮ್ಮೆ ಮಸುಕು, ಒಮ್ಮೆ ಚೂಪು. ಪೂರ್ಣಾಂಕ 3 ಮಾಡಿದ ಕೂಡಲೇ ನಡುಕ ನಿಂತಿತು. 68 ಹೆಸರು ಎರಡು ಸಾಲಾಗಿ 34 ಪಂಕ್ತಿ, ಪಂಕ್ತಿಗೆ 78 ಪಿಕ್ಸೆಲ್. ಒಟ್ಟು 1,170 ಫ್ರೇಮ್, 49 ಸೆಕೆಂಡಿಗೆ ಕೊಂಚ ಕಡಿಮೆ.

ಇಪ್ಪತ್ತೊಂದನೆಯ ದಿನ ಕೊಟ್ಟದ್ದು ಎರಡು ಫೋಲ್ಡರ್: ಹೆಸರಿರುವ 2,208 ಫ್ರೇಮ್, ಹೆಸರಿಲ್ಲದ 2,208 ಫ್ರೇಮ್. ಎರಡನೆಯದು ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ಆರು ತಿಂಗಳ ಮೇಲೆ ಚಿತ್ರ ತೆಲುಗಿಗೆ ಡಬ್ ಆಯಿತು. ಹಲಗೆಗಳ ಮೇಲೆ ತೆಲುಗು ಹೆಸರು ಕೂರಿಸಲು ಒಂದು ದಿನ ಸಾಕಾಯಿತು. ಮಂಡಕ್ಕಿಯ ಎರಡು ತುಂಡುಗಳನ್ನು ಮಾತ್ರ ಮತ್ತೆ ಮೇಜಿನ ಮೇಲೆ ಕಟ್ಟಬೇಕಾಯಿತು. ಜನವರಿಯ ಒಣ ಹವೆ, ಮಂಡಕ್ಕಿ ದಿನವಿಡೀ ಗರಿಗರಿಯಾಗಿ ಉಳಿಯಿತು. ನೀರಿನ ಬಟ್ಟಲುಗಳನ್ನು ಮಾತ್ರ ಮೊದಲೇ ಇಟ್ಟಿದ್ದರು.